ಬಾವಿ ಸಂಖ್ಯೆ ಐದು: ಬಳಕೆಯಲ್ಲಿಲ್ಲ

ಇಪ್ಪತ್ತು ವರ್ಷದಿಂದ ನಾನು ಹೇಳುತ್ತಾ ಬಂದ ಈ ಕಥೆಯಲ್ಲಿ ಒಬ್ಬ ಜೀಪ್ ಡ್ರೈವರ್ ಇದ್ದ. ಗಣಿ ಕಂಪನಿಯ ಡ್ರೈವರ್. ಗುಡ್ಡದ ಬುಡದಲ್ಲಿ ಜೀಪು ನಿಲ್ಲಿಸಿ, ಜಾಲಿಮುಳ್ಳು ಹೊದ್ದುಕೊಂಡ ಬಾವಿಯನ್ನು ತೋರಿಸಿ, ಅದು ಯಾವತ್ತೋ ಬಿಟ್ಟುಹೋದ ಬಾವಿ ಎಂದು ಹೇಳುತ್ತಿದ್ದ. ನಾನು ಅವನನ್ನು ನಂಬಿ ಬರೆದುಕೊಳ್ಳುತ್ತಿದ್ದೆ. ಕಥೆ ಕೇಳಿದವರೆಲ್ಲ ಆ ಡ್ರೈವರನ್ನು ಬೈಯುತ್ತಿದ್ದರು. ಅವರ ಜೊತೆ ನಾನೂ ಬೈಯುತ್ತಿದ್ದೆ.

ನಿವೃತ್ತನಾದ ಮೇಲೆ ಇದನ್ನು ಬರೆಯಲು ಕೂತು ಹಳೆಯ ನೋಟ್ ಪುಸ್ತಕ ತೆಗೆದೆ. ಆ ದಿನದ ಹಾಳೆಗೆ ಎರಡು ಬಸ್ ಟಿಕೆಟ್ ಅಂಟಿಸಿದ್ದೇನೆ. ಹೋದದ್ದಕ್ಕೊಂದು, ಬಂದದ್ದಕ್ಕೊಂದು. ಅಂದು ಜೀಪು ಇರಲಿಲ್ಲ. ಡ್ರೈವರೂ ಇರಲಿಲ್ಲ. ಬಾವಿಯ ಮುಂದೆ ನಿಂತಿದ್ದವನು ನಾನೊಬ್ಬನೇ.

ಆದ್ದರಿಂದ, ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರೇ, ನಾನು ಮುಂದೆ ಬರೆಯುವುದನ್ನೂ ಸ್ವಲ್ಪ ಅನುಮಾನದಿಂದಲೇ ಓದಿ. ಪುಸ್ತಕದಲ್ಲಿ ಇರುವುದು ಯಾವುದು, ತಲೆಯಲ್ಲಿ ಮಾತ್ರ ಇರುವುದು ಯಾವುದು ಎಂದು ಆದಷ್ಟು ಬೇರೆ ಮಾಡಿ ಹೇಳುತ್ತೇನೆ. ಎರಡೂ ಸೇರಿದರೆ ಸತ್ಯವಾಗುತ್ತದೆ ಎಂಬ ಭರವಸೆ ನನಗಿಲ್ಲ.

ತೊಂಬತ್ತರ ದಶಕದ ಕೊನೆ ಅದು. ಮೈಸೂರಿನ ಸಿದ್ಧಾರ್ಥನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ನಮ್ಮ ಕಚೇರಿ. ಹೊಸ ಗಣಿಯೋ ಕಾರ್ಖಾನೆಯೋ ಆರಂಭಿಸುವವರಿಗೆ ಪರಿಸರ ಅನುಮತಿ ಬೇಕು. ಅನುಮತಿಗೆ ಒಂದು ವರದಿ ಬೇಕು. ಆ ವರದಿ ಬರೆದುಕೊಡುವುದು ನಮ್ಮ ಕೆಲಸ. ಗಣಿ ತೆಗೆದರೆ ನೀರಿಗೆ, ಗಾಳಿಗೆ, ಜನಕ್ಕೆ ಏನಾಗುತ್ತದೆಂದು ಪರೀಕ್ಷಿಸಿ ಬರೆಯುವವರು ನಾವು; ನಮ್ಮನ್ನು ಗೊತ್ತುಮಾಡುವವರು ಗಣಿ ತೆಗೆಯುವವರೇ. ಮದುವೆಗೆ ತುದಿಗಾಲಲ್ಲಿ ನಿಂತ ವರನೇ ಜೋಯಿಸರನ್ನು ಮನೆಗೆ ಕರೆಸಿ, ಊಟ ಹಾಕಿ, ತನ್ನ ಜಾತಕ ಬರೆಸಿಕೊಂಡ ಹಾಗೆ. ದೋಷವಿದೆ ಎಂದು ಬರೆದ ಜೋಯಿಸರಿಗೆ ಮುಂದಿನ ಮನೆಯಿಂದ ಕರೆ ಬರುವುದಿಲ್ಲ. ಇದು ವ್ಯವಸ್ಥೆಯ ಲೋಪವಲ್ಲ, ವ್ಯವಸ್ಥೆಯೇ ಇದು. ನಾನು ಸೇರಿದ ಮೊದಲ ವಾರವೇ ನನಗೆ ಅರ್ಥವಾಗಿತ್ತು. ಅರ್ಥವಾಗಿಯೂ ನಿವೃತ್ತಿಯವರೆಗೆ ಇದ್ದೆ.

ನಮ್ಮ ಯಜಮಾನರು ಶೇಷಗಿರಿ ಸರ್. ಭೂವಿಜ್ಞಾನ ಓದಿದವರು, ಸೌಮ್ಯ ಮಾತಿನವರು, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಕ್ಷೇತ್ರಕ್ಕೆ ಹೋಗುವ ನಮಗೆ ಅವರು ಕಲಿಸಿದ ನಿಯಮ ಒಂದೇ: ಕಣ್ಣಿಗೆ ಕಂಡದ್ದನ್ನು ಬರೆಯಿರಿ, ಕಿವಿಗೆ ಬಿದ್ದದ್ದನ್ನು ಬರೆಯಬೇಡಿ. ಹಳ್ಳಿಯವರು ಒಂದಕ್ಕೆ ಹತ್ತು ಹೇಳುತ್ತಾರೆ, ಕಂಪನಿಯವರು ಹತ್ತಕ್ಕೆ ಒಂದು ಹೇಳುತ್ತಾರೆ, ನಾವು ಕಣ್ಣಷ್ಟೇ ಆಗಿರಬೇಕು ಎನ್ನುತ್ತಿದ್ದರು. ವಿಜ್ಞಾನವೆಂದರೆ ಇದೇ ಅಲ್ಲವೇ ಎಂದು ನನಗೂ ಅನ್ನಿಸುತ್ತಿತ್ತು. ಇಂದಿಗೂ ಆ ವಾಕ್ಯದಲ್ಲಿ ತಪ್ಪು ಹುಡುಕುವುದು ಕಷ್ಟ. ಅದೇ ಅದರ ಅಪಾಯ.

ಕಂಪನಿಗೆ ಬೇಕಾಗಿದ್ದದ್ದು ಕುಲುಮೆಯ ಇಟ್ಟಿಗೆಗೆ ಬಳಸುವ ಬಿಳಿಕಲ್ಲು, ಮ್ಯಾಗ್ನೆಸೈಟ್. ಮೈಸೂರಿನಿಂದ ಒಂದೂವರೆ ಗಂಟೆ ಬಸ್ಸಿನ ದಾರಿ, ಒಂದು ಗುಡ್ಡ, ಅದರ ಬುಡಕ್ಕೊಂದು ಊರು. ಊರಿನ ಹೆಸರು ಬರೆಯುವುದಿಲ್ಲ. ಹುಂಡಿ ಎಂದಿರಲಿ, ನಮ್ಮ ಕಡೆ ಹುಂಡಿ ಎಂದು ಮುಗಿಯುವ ಊರುಗಳಿಗೆ ಲೆಕ್ಕವಿಲ್ಲ. ನಕ್ಷೆಯ ಮೇಲೆ ಗುಡ್ಡಕ್ಕೆ ಕೈವಾರದ ಮುಳ್ಳು ಚುಚ್ಚಿ ಹತ್ತು ಕಿಲೋಮೀಟರಿನ ವೃತ್ತ ಎಳೆಯುವುದು, ಅದರೊಳಗಿನ ನೀರು, ಗಾಳಿ, ಮಣ್ಣು, ಮರ, ಹಕ್ಕಿ ಎಲ್ಲವನ್ನೂ ಒಂದೇ ಋತುವಿನಲ್ಲಿ ಅಳೆದು ಮುಗಿಸುವುದು. ಮಳೆಗಾಲ ಬಿಟ್ಟು ಯಾವುದಾದರೂ ಮೂರು ತಿಂಗಳು ಸಾಕು ಎಂದು ಆಗಿನ ಪದ್ಧತಿ. ಒಂದು ಊರನ್ನು ಮೂರು ತಿಂಗಳು ನೋಡಿ ಮೂವತ್ತು ವರ್ಷದ ಭವಿಷ್ಯ ಹೇಳುವುದು.

ನೋಡುವುದಾದರೂ ಹೇಗೆ? ಗಾಳಿಯಲ್ಲಿನ ದೂಳು ಅಳೆಯುವ ಯಂತ್ರಕ್ಕೆ ಇಪ್ಪತ್ನಾಲ್ಕು ಗಂಟೆ ಕರೆಂಟು ಬೇಕು. ಹುಂಡಿಯಲ್ಲಿ ತಕ್ಕಮಟ್ಟಿಗೆ ಕರೆಂಟು ನಿಲ್ಲುತ್ತಿದ್ದದ್ದು ಹಿಟ್ಟಿನ ಗಿರಣಿಯಲ್ಲಿ. ಹಾಗಾಗಿ ಯಂತ್ರವನ್ನು ಗಿರಣಿಯ ಮಾಡಿನ ಮೇಲೆ ಇಟ್ಟೆ. ಕೆಳಗೆ ಇಡೀ ದಿನ ರಾಗಿ ಬೀಸುತ್ತಿದ್ದರು. ಮೈಸೂರಿನ ಹೆಬ್ಬಾಳದ ಪ್ರಯೋಗಾಲಯದಲ್ಲಿ ಸೋಸುಕಾಗದ ತೂಗಿದವರು ಇದೇನು ಸ್ವಾಮಿ, ಇದರಲ್ಲಿ ರೊಟ್ಟಿ ತಟ್ಟಬಹುದು ಎಂದು ನಕ್ಕರು. ನಾನು ನಾಚಿಕೆಯಿಂದ ಶೇಷಗಿರಿ ಸರ್ ಬಳಿ ಹೋಗಿ ಮತ್ತೆ ಅಳೆಯುತ್ತೇನೆ ಎಂದೆ. ಅವರು ಅಂಕಿ ನೋಡಿದರು. ಬೇಡ, ಇರಲಿ ಎಂದರು. ಗಣಿ ಬರುವ ಮೊದಲೇ ಊರಿನಲ್ಲಿ ಇಷ್ಟು ದೂಳಿದ್ದರೆ, ಗಣಿಯ ದೂಳು ಯಾವ ಲೆಕ್ಕ?

ವರದಿಯಲ್ಲಿ ರಾಗಿಹಿಟ್ಟು ಗಾಳಿಯ ಸಹಜ ಸ್ಥಿತಿಯಾಯಿತು. ನಮ್ಮ ವೃತ್ತಿಯಲ್ಲಿ ಕಂಪನಿಗೆ ಅನುಕೂಲವಾದ ತಪ್ಪಿಗೆ ದತ್ತಾಂಶ ಎಂದು ಹೆಸರು. ಅನನುಕೂಲವಾದದ್ದನ್ನು ಮಾತ್ರ ತಪ್ಪು ಎಂದು ಕರೆಯುತ್ತಾರೆ, ತಿದ್ದಿಸುತ್ತಾರೆ. ಗಿರಣಿಯ ಪ್ರಸಂಗವನ್ನು ನಾನು ಬಹಳ ಕಾಲ ನಗುತ್ತಲೇ ಹೇಳುತ್ತಿದ್ದೆ. ಈಗ ನಗು ಬರುತ್ತಿಲ್ಲ.

ಇನ್ನು ಬಾವಿ.

ನೀರಿನ ಮೂಲಗಳ ಪಟ್ಟಿಗೆ ಒಂದು ಅಚ್ಚು ನಮೂನೆ ಇತ್ತು. ಬಾವಿಯ ಸಂಖ್ಯೆ, ಆಳ, ನೀರಿನ ಮಟ್ಟ, ಕೊನೆಗೆ ಒಂದು ಕಾಲಂ: ಬಳಕೆಯಲ್ಲಿದೆ, ಬಳಕೆಯಲ್ಲಿಲ್ಲ. ಒಂದನ್ನು ಹೊಡೆದುಹಾಕಬೇಕು. ಶಿವರಾತ್ರಿ ಕಳೆದು ಕೆಲವು ವಾರವಾಗಿತ್ತು. ಹುಂಡಿಯಲ್ಲಿ ನಾಲ್ಕು ಬಾವಿ ಅಳೆದೆ. ನಾಲ್ಕರಲ್ಲೂ ಹಗ್ಗ, ಕೊಡ, ಹೆಂಗಸರು. ನಾಲ್ಕರಿಂದಲೂ ಶೀಷೆಗೆ ನೀರು ತುಂಬಿಕೊಂಡೆ. ಬಿಸಿಲಿಗೆ ಬಾಯಾರಿ ಒಂದು ಮನೆಯ ಜಗಲಿಯ ಮೇಲೆ ಕೂತು ನೀರು ಕೇಳಿದೆ. ಆ ಮನೆಯಾಕೆ, ಚಿಕ್ಕತಾಯಮ್ಮ ಎಂದು ಆಮೇಲೆ ತಿಳಿಯಿತು, ಲೋಟದಲ್ಲಿ ಕೊಟ್ಟಳು. ಸವುಳು ನೀರು. ನಾಲಿಗೆಗೆ ಉಪ್ಪು, ಗಂಟಲಿಗೆ ಒಗರು. ನಾನು ಲಷ್ಕರ್ ಮೊಹಲ್ಲಾದಲ್ಲಿ ಹುಟ್ಟಿ ನಲ್ಲಿ ನೀರು ಕುಡಿದು ಬೆಳೆದವನು. ಮುಖ ಕಿವುಚಿರಬೇಕು. ಅರ್ಧ ಕುಡಿದು ಲೋಟ ಕೆಳಗಿಟ್ಟೆ.

ಅಲ್ಲಿಂದ ಗುಡ್ಡದ ಕಡೆ ನಡೆದರೆ ಐದನೆಯ ಬಾವಿ. ಕಲ್ಲು ಕಟ್ಟಿದ್ದು, ಇಳಿಯಲು ಮೆಟ್ಟಿಲು, ಮೇಲೆಲ್ಲ ಜಾಲಿಮುಳ್ಳಿನ ಹೊರೆ. ಹಗ್ಗ ಉಜ್ಜಿದ ಹಸಿ ಗುರುತಿಲ್ಲ, ಕೆಸರಿಲ್ಲ, ಹೆಜ್ಜೆಯಿಲ್ಲ. ಕಂಡದ್ದನ್ನು ಬರೆದೆ. ಬಾವಿ ಸಂಖ್ಯೆ ಐದು: ಬಳಕೆಯಲ್ಲಿಲ್ಲ.

ಪುಸ್ತಕದಲ್ಲಿ ಆ ಅಕ್ಷರ ಸ್ಪಷ್ಟವಾಗಿದೆ, ಆತುರದಲ್ಲಿ ಗೀಚಿದ್ದಲ್ಲ. ಐದು ಗಂಟೆಯ ಬಸ್ಸು ತಪ್ಪುತ್ತದೆಂಬ ಗಡಿಬಿಡಿ ಇತ್ತು ಎಂದು ಮನಸ್ಸು ಹೇಳುತ್ತದೆ. ಟಿಕೆಟ್ಟು ನೋಡಿದರೆ ಬಸ್ಸು ಮೂರು ಗಂಟೆಯದು. ಗಡಿಬಿಡಿಯಲ್ಲ, ಮನೆಗೆ ಬೇಗ ಹೋಗಿದ್ದೇನೆ.

ಆ ಒಂದು ಕಾಲಂ ಮಾಡಿದ ಕೆಲಸ ನೋಡಿ. ಗಣಿಯಿಂದ ತೆಗೆದ ಬೇಡದ ಕಲ್ಲು, ಮಣ್ಣು ಸುರಿಯಲು ಕಂಪನಿಗೆ ಒಂದು ಜಾಗ ಬೇಕಿತ್ತು. ಬಳಕೆಯಲ್ಲಿರುವ ನೀರಿನ ಮೂಲದಿಂದ ಅದು ದೂರವಿರಬೇಕು. ನಕ್ಷೆಯಲ್ಲಿ ನಾಲ್ಕು ಬಾವಿಗೆ ನೀಲಿ ಚುಕ್ಕೆ ಇಟ್ಟೆವು. ಐದನೆಯದಕ್ಕೆ ಇಡಲಿಲ್ಲ. ಚುಕ್ಕೆಯಿಲ್ಲದ ಜಾಗ ಗಣಿಗೆ ಹತ್ತಿರ, ಇಳಿಜಾರು, ಲಾರಿಗೆ ಸಲೀಸು. ಅಲ್ಲೇ ಸುರಿಯುವುದೆಂದು ವರದಿ ಸೂಚಿಸಿತು. ಕಂಪನಿ ಕೇಳಿಕೊಂಡದ್ದಲ್ಲ. ನಾವೇ ಸೂಚಿಸಿದೆವು, ವೈಜ್ಞಾನಿಕವಾಗಿ.

ಮುಂದಿನ ಹಂತ ಸಾರ್ವಜನಿಕ ವಿಚಾರಣೆ. ಯೋಜನೆಯಿಂದ ತೊಂದರೆಗೊಳಗಾಗುವವರು ಬಂದು ಮಾತಾಡಬೇಕಾದ ಸಭೆ. ಅದನ್ನು ಹುಂಡಿಯಲ್ಲಿ ಮಾಡಬೇಕೆಂದು ಆಗ ನಿಯಮವಿರಲಿಲ್ಲ. ಮೈಸೂರಿನ ಒಂದು ಸಭಾಂಗಣದಲ್ಲಿ, ಕೆಲಸದ ದಿನ, ಹನ್ನೊಂದು ಗಂಟೆಗೆ ಇಟ್ಟರು. ಪತ್ರಿಕೆಯ ಒಳಪುಟದಲ್ಲಿ ಟೆಂಡರುಗಳ ನಡುವೆ ಪ್ರಕಟಣೆ. ಯಾರೂ ಬರಲಾರರು ಎಂದೇ ನಮ್ಮ ಅಂದಾಜು. ಬರಬಾರದು ಎಂಬುದು ಆಸೆ, ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಆದರೆ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುತ್ತಿದ್ದ ಹುಂಡಿಯವನೊಬ್ಬ ಆ ಪ್ರಕಟಣೆ ನೋಡಿದ್ದ. ವರದಿಯ ಸಾರಾಂಶ ಇಟ್ಟಿದ್ದ ಕಚೇರಿಗೆ ಹೋದ. ಜೆರಾಕ್ಸ್ ಮಾಡಿಸಲು ಬಿಡಲಿಲ್ಲವಂತೆ. ಬಾವಿಗಳ ಪಟ್ಟಿಯನ್ನು ಪೆನ್ನಿನಲ್ಲಿ ನಕಲು ಮಾಡಿಕೊಂಡು ಊರಿಗೆ ಒಯ್ದು ಓದಿ ಹೇಳಿದ. ಸಭೆಯ ದಿನ ಮೊದಲ ಬಸ್ಸಿಗೇ ಹುಂಡಿಯ ಹೆಂಗಸರು ಬಂದು ಸಭಾಂಗಣದ ಮುಂದಿನ ಸಾಲಿನಲ್ಲಿ, ಗಣ್ಯರಿಗೆಂದು ಬಟ್ಟೆ ಹೊದಿಸಿದ್ದ ಕುರ್ಚಿಗಳಲ್ಲಿ ಕೂತಿದ್ದರು.

ನನ್ನ ಕೆಲಸ ಪ್ರೊಜೆಕ್ಟರಿಗೆ ಪಾರದರ್ಶಕ ಹಾಳೆ ಇಡುವುದು. ಶೇಷಗಿರಿ ಸರ್ ಇಂಗ್ಲಿಷು ಬೆರೆತ ಕನ್ನಡದಲ್ಲಿ ವಿವರಿಸಿದರು. ನೀಲಿ ಚುಕ್ಕೆಗಳ ನಕ್ಷೆ ಪರದೆಯ ಮೇಲೆ ಬಿದ್ದಾಗ ಚಿಕ್ಕತಾಯಮ್ಮ ಎದ್ದು ನಿಂತಳು. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ, ಭಾಷಣ ಬೇಡಮ್ಮ, ಪ್ರಶ್ನೆ ಇದ್ದರೆ ಕೇಳಿ ಎಂದರು.

"ಪ್ರಶ್ನೆನೇ ಕಣಪ್ಪ ಕೇಳ್ತಿರೋದು. ಆ ನಾಕು ಬಾವೀನೂ ಸವುಳು. ಬೇಳೆ ಬೇಯಾಕಿಲ್ಲ, ಎಮ್ಮೆನೂ ಮೂತಿ ತಿರುಗುಸ್ತದೆ. ಐದ್ನೇದು ನಮ್ ಸೀನೀರು ಬಾವಿ. ಅದು ಬಳಕೇಲಿಲ್ಲ ಅಂತ ಬರ್ದವ್ರಲ್ಲ, ಬರ್ದವ್ರು ಯಾರು?"

ತಜ್ಞರು ಸ್ಥಳ ಪರಿಶೀಲಿಸಿ ಬರೆದಿದ್ದಾರೆ, ಬಾವಿಗೆ ಮುಳ್ಳು ಹಾಕಿದ್ದು ಕಂಡುಬಂದಿದೆ ಎಂದು ಅಧಿಕಾರಿ ಪುಟ ತಿರುವಿ ಹೇಳಿದರು.

"ಮುಳ್ಳಾಕೋದು ಕಾಯಕ್ಕೆ ಕಣಪ್ಪ, ಬುಟ್ಟೋಗಕ್ಕಲ್ಲ. ನಿಮ್ಮನೇಲಿ ಒಡವೆ ಪೆಟ್ಗೇಲಿಟ್ಟು ಬೀಗ ಹಾಕಿದ್ರೆ, ಈ ಮನೇಲಿ ಒಡವೆ ಬಳಕೇಲಿಲ್ಲ ಅಂತ ಬರ್ಕೊಂಡೋಗ್ತಾರಾ ನಿಮ್ ತಜ್ಞರು?"

ಸಭೆ ನಕ್ಕಿತು. ಅಧಿಕಾರಿಯೂ ನಕ್ಕರು. ನಗು ನಿಂತ ಮೇಲೆ ಅವಳು ವಿವರಿಸಿದಳು. ಆ ಊರಿನ ಪದ್ಧತಿ ನನಗೆ ತಿಳಿದದ್ದು ಆಗಲೇ. ಶಿವರಾತ್ರಿ ಕಳೆದ ಕೂಡಲೇ ಸೀನೀರು ಬಾವಿಯ ಹೂಳು ತೆಗೆದು ಮುಳ್ಳು ಮುಚ್ಚುತ್ತಾರೆ. ಅದಕ್ಕೆ ಕಾಪು ಇಡುವುದು ಎನ್ನುತ್ತಾರೆ. ಅಲ್ಲಿಂದ ಎರಡು ತಿಂಗಳು, ಬೇರೆ ಬಾವಿಗಳಲ್ಲಿ ನೀರಿರುವವರೆಗೆ, ಎಷ್ಟೇ ಸವುಳಾದರೂ ಅದನ್ನೇ ಕುಡಿಯಬೇಕು. ಆ ಬಾವಿಗಳ ತಳ ಕಂಡ ದಿನ ಹಿರಿಯ ಹೆಂಗಸರು ಹೋಗಿ ಮುಳ್ಳು ತೆಗೆಯುತ್ತಾರೆ. ಮಳೆ ಬರುವವರೆಗೆ ಊರು ಬದುಕುವುದು ಅದರಿಂದ. ಅಂದರೆ, ಆ ಊರಿನಲ್ಲಿ ಯಾವ ಬಾವಿಗೆ ಅತಿ ಹೆಚ್ಚು ಬೆಲೆಯೋ ಅದೊಂದೇ ನನ್ನ ಕಣ್ಣಿಗೆ ಹಾಳುಬಾವಿಯಾಗಿ ಕಂಡಿತ್ತು. ನಲ್ಲಿ ತಿರುಗಿಸಿದರೆ ನೀರು ಬರುತ್ತದೆಂದು ತಿಳಿದವನು ಮಾತ್ರ ಮಾಡಬಲ್ಲ ತಪ್ಪು.

ಬರೆದವನು ನಾನೇ ಎಂದು ಆಗ ಎದ್ದು ಹೇಳಿದೆ. ಈ ವಾಕ್ಯವನ್ನು ಮೂರು ಸಲ ಬರೆದು ಮೂರು ಸಲವೂ ಹೊಡೆದಿದ್ದೇನೆ. ಹಾಗೆ ನೆನಪಿದೆ, ಆದರೆ ನಡೆದದ್ದು ಹಾಗಲ್ಲ. ನಾನು ಮುಂದಿನ ಹಾಳೆ ಇಟ್ಟೆ. ಪರದೆಯ ಮೇಲೆ ಹಕ್ಕಿಗಳ ಪಟ್ಟಿ ಬಂತು.

ಸಭೆ ಮುಗಿದು ನಾನು ಪ್ರೊಜೆಕ್ಟರನ್ನು ಆಟೋಗೆ ಏರಿಸುತ್ತಿದ್ದೆ. ಚಿಕ್ಕತಾಯಮ್ಮ ಪಕ್ಕಕ್ಕೆ ಬಂದು ನಿಂತು ಮುಖ ನೋಡಿದಳು.

"ನೀನೇ ಅಲ್ವ ನಮ್ ಜಗ್ಲಿ ಮೇಲೆ ಕುಂತು ನೀರು ಕುಡ್ದೋನು?"

ಹೌದವ್ವ ಎಂದೆ.

"ಅರ್ಧ ಬುಟ್ಟೆ. ಮೊಕ ಇಂಗೆ ಮಾಡ್ದೆ." ಮಾಡಿ ತೋರಿಸಿದಳು. ಜೊತೆಯವರು ನಕ್ಕರು, ಅವಳು ನಗಲಿಲ್ಲ. "ಆಗ್ಲೇ ಒಂದ್ ಮಾತು ಕೇಳ್ಬೋದಿತ್ತಲ್ಲಪ್ಪ, ಸೀನೀರು ಎಲ್ಲದೆ ಅಂತ. ನಾವೇನು ಬಚ್ಚಿಡ್ತಿದ್ವಾ?"

ನಾಲ್ಕು ಬಾವಿಯ ನೀರನ್ನು ಹೆಬ್ಬಾಳಕ್ಕೆ ಒಯ್ದು, ಅದು ಕುಡಿಯಲು ಯೋಗ್ಯವಲ್ಲ ಎಂಬ ಫಲಿತಾಂಶವನ್ನು ನಾನೇ ಪಟ್ಟಿಗೆ ಏರಿಸಿದ್ದೆ. ಯೋಗ್ಯವಲ್ಲದ ನೀರಿನ ಮೇಲೆ ಒಂದು ಊರು ತಲೆತಲಾಂತರದಿಂದ ಹೇಗೆ ಬದುಕಿತು ಎಂಬ ಪ್ರಶ್ನೆ ನನಗೂ ಬರಲಿಲ್ಲ, ಶೇಷಗಿರಿ ಸರ್‌ಗೂ ಬರಲಿಲ್ಲ, ವರದಿಯನ್ನು ಓದಿ ಸಹಿ ಹಾಕಿದ ಒಬ್ಬರಿಗೂ ಬರಲಿಲ್ಲ. ನಮೂನೆಯಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ.

ಮರುದಿನ ಶೇಷಗಿರಿ ಸರ್ ಕೋಣೆಗೆ ಹೋದೆ. ಪಟ್ಟಿ ತಿದ್ದಬೇಕು ಎಂದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ಸಿಟ್ಟಾಗಬಹುದಿತ್ತು.

"ಗುರುಮಲ್ಲು, ನೀವು ಹೋದ ದಿನ ಮುಳ್ಳಿತ್ತು. ಇದ್ದದ್ದನ್ನ ಬರೆದಿದ್ದೀರಿ. ತಪ್ಪೇನು?"

"ಮುಳ್ಳಿತ್ತು ಅಂತ ಬರೀಲಿಲ್ಲ ಸರ್. ಬಳಕೆಯಲ್ಲಿಲ್ಲ ಅಂತ ಬರೆದೆ."

"ಕಾಲಂನಲ್ಲಿ ಇರೋದೇ ಎರಡು ಕಣ್ರೀ. ಮೂರನೇದು ಎಲ್ಲಿಂದ ತರೋಣ?"

ಈಗ ಬಂದು ತಿದ್ದಿದರೆ ಜನ ಕೂಗಿದ್ದಕ್ಕೆ ತಿದ್ದಿದರು ಎನ್ನುತ್ತಾರೆ, ಇಡೀ ವರದಿಯೇ ಅನುಮಾನಕ್ಕೆ ಬೀಳುತ್ತದೆ ಎಂದು ವಿವರಿಸಿದರು. ಚಿಕ್ಕತಾಯಮ್ಮ ಹೇಳಿದ್ದು ನಿಜವೇ ಇರಬಹುದು, ಆದರೆ ಅದು ಕಿವಿಗೆ ಬಿದ್ದದ್ದು. ನಾನು ಕಣ್ಣಿನಿಂದ ನೋಡಿ ಬರುತ್ತೇನೆ ಎಂದೆ. ನಿಮ್ಮಿಷ್ಟ ಎಂದರು.

ಬೇಸಿಗೆಯ ಕೊನೆಗೆ ರಜೆ ಹಾಕಿ ಹೋದೆ. ಆಗ ಕಡತ ಇನ್ನೂ ಅನುಮತಿ ಕೊಡುವ ದಿಲ್ಲಿಯ ಸಚಿವಾಲಯಕ್ಕೆ ಹೋಗಿರಲಿಲ್ಲ. ಅವರು ಮುಳ್ಳು ತೆಗೆಯುವುದನ್ನು ನೋಡಿದೆ. ಕಬ್ಬಿಣದ ಕೊಕ್ಕೆಯಲ್ಲಿ ಒಂದೊಂದೇ ಕೊಂಬೆ ಎಳೆದು ಬದಿಗಿಟ್ಟರು. ಕೆಳಗೆ ತಿಳಿನೀರು, ಆರು ಮೆಟ್ಟಿಲು ಮುಳುಗಿದ್ದವು. ಆಳ ಅಳೆದೆ, ಫೋಟೋ ತೆಗೆದೆ, ಶೀಷೆಗೆ ತುಂಬಿದೆ. ಪುಸ್ತಕದಲ್ಲಿ ಅಂದಿನ ಹಾಳೆ ಭರ್ತಿ ತುಂಬಿದೆ. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕ್ಷೇತ್ರಕಾರ್ಯ ಅದೇ.

ಆ ಟಿಪ್ಪಣಿಯನ್ನು ಟೈಪು ಮಾಡಿದವರು ನಮ್ಮ ಕಂಪ್ಯೂಟರ್ ಆಪರೇಟರ್ ಸುಮಿತ್ರಾ. ಕಚೇರಿಯ ಎಲ್ಲ ವರದಿಗಳೂ ಆಕೆಯ ಬೆರಳಿನಿಂದಲೇ ಹಾದುಹೋಗುತ್ತಿದ್ದವು. ನಮ್ಮೆಲ್ಲರ ಸುಳ್ಳುಗಳೂ ಆಕೆಗೆ ಪುಟಸಂಖ್ಯೆ ಸಮೇತ ಗೊತ್ತಿದ್ದವು. ಟೈಪು ಮುಗಿಸಿ, ದಿಲ್ಲಿಗೆ ಹೋಗಬೇಕಾದ ಮೂಲ ಪಟ್ಟಿಯನ್ನು ಪರದೆಯ ಮೇಲೆ ತೆರೆದಿಟ್ಟು, ದನಿ ತಗ್ಗಿಸಿದರು.

"ಅಂತಿಮ ಪ್ರಿಂಟ್ ಇನ್ನೂ ತೆಗ್ದಿಲ್ಲ ಸಾರ್. ಈ ಒಂದ್ ಮಾತು ತಿದ್ದಕ್ಕೆ ನಂಗೆ ಅರ್ಧ ನಿಮಿಷ. ತಿದ್ಬುಡ್ಲಾ?"

ನಾನು ಏನು ಹೇಳಿದೆ ಎಂಬುದು ಪುಸ್ತಕದಲ್ಲಿಲ್ಲ. ಇರುವುದಿಲ್ಲ. ಆದರೆ ಇದೊಂದು ಮಾತ್ರ ನೆನಪು ತಿದ್ದಲು ಆಗದೆ ಹಾಗೇ ಉಳಿದಿದೆ. ಸರ್ ಅವರನ್ನು ಒಂದು ಮಾತು ಕೇಳಿಬಿಡಿ ಎಂದೆ. ಸುಮಿತ್ರಾ ನನ್ನನ್ನೇ ನೋಡಿದರು. "ಕೇಳೋ ಹಂಗಿದ್ರೆ ನಿಮ್ಮನ್ನ್ಯಾಕ್ ಕೇಳ್ತಿದ್ದೆ ಸಾರ್" ಎಂದು ಕಡತ ಮುಚ್ಚಿದರು.

ನನ್ನ ಟಿಪ್ಪಣಿಯನ್ನು ಶೇಷಗಿರಿ ಸರ್ ಎಸೆಯಲಿಲ್ಲ. ಅವರು ಅಂಥವರಲ್ಲ. ಕೊನೆಯ ಅನುಬಂಧವಾಗಿ ಸೇರಿಸಿದರು, ಹಕ್ಕಿಗಳ ಪಟ್ಟಿಯ ಹಿಂದೆ. ಮೂಲ ಪಟ್ಟಿ ಹಾಗೆಯೇ ಉಳಿಯಿತು. ವಿಚಾರಣೆಯ ನಡವಳಿಯ ಪ್ರತಿ ಬಂದಾಗ ಓದಿದೆ. ಬೀಗ ಹಾಕಿದ ಪೆಟ್ಟಿಗೆಯ ಮಾತು ಅದರಲ್ಲಿರಲಿಲ್ಲ. ಸಾರ್ವಜನಿಕರು ಕುಡಿಯುವ ನೀರಿನ ಬಗ್ಗೆ ಆತಂಕ ವ್ಯಕ್ತಪಡಿಸಿದರು, ಯೋಜನೆಯವರು ಸೂಕ್ತ ಸ್ಪಷ್ಟೀಕರಣ ನೀಡಿದರು ಎಂದಿತ್ತು. ಒಬ್ಬ ಹೆಂಗಸು ಮುಂಜಾನೆಯ ಬಸ್ಸು ಹಿಡಿದು ಬಂದು, ಎದ್ದು ನಿಂತು, ಎಲ್ಲರೆದುರು ಹೇಳಿದ್ದು ಇಷ್ಟಾಯಿತು: ಆತಂಕ. ಆ ಪದವನ್ನು ನಿಮ್ಮ ಕೈಗೂ ಕೊಡುತ್ತಾರೆ. ಅದನ್ನು ಬಳಸುವ ಮೊದಲು ಅದರ ಕೆಳಗೆ ಯಾರನ್ನು ಹೂಳುತ್ತಿದ್ದೇವೆ ಎಂದು ನೋಡಿಕೊಳ್ಳಿ.

ಅನುಮತಿ ಬಂತು, ಷರತ್ತುಗಳೊಂದಿಗೆ. ಒಂದು ಷರತ್ತು ಓದಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ: ವರದಿಯ ಪಟ್ಟಿಯಲ್ಲಿ ಬಳಕೆಯಲ್ಲಿದೆ ಎಂದು ತೋರಿಸಿರುವ ಎಲ್ಲ ನೀರಿನ ಮೂಲಗಳನ್ನು ಕಂಪನಿಯು ಸಂರಕ್ಷಿಸತಕ್ಕದ್ದು. ದಿಲ್ಲಿಯಲ್ಲಿ ಯಾರೋ ಒಬ್ಬರು ಹೆಂಗಸರ ಆತಂಕವನ್ನು ಗಂಭೀರವಾಗಿ ತೆಗೆದುಕೊಂಡಿದ್ದರು. ಊರಿನ ನೀರನ್ನು ಕಾಪಾಡಲು ಮನಸ್ಸು ಮಾಡಿದ್ದರು. ಕಾಪಾಡಲು ಅವರ ಕೈಯಲ್ಲಿದ್ದದ್ದು ನನ್ನ ಪಟ್ಟಿ.

ಆಮೇಲೆ ನಮ್ಮ ಕೆಲಸದ ರೀತಿ ಬದಲಾಯಿತು. ಕೈವಾರ ಹೋಗಿ ಉಪಗ್ರಹದ ಚಿತ್ರ ಬಂತು. ಬಾವಿಯ ಅಕ್ಷಾಂಶ ರೇಖಾಂಶ ಅಂಗೈಯಲ್ಲೇ ತೋರಿಸುವ ಉಪಕರಣ ಬಂತು. ವಿಚಾರಣೆಯನ್ನು ಯೋಜನೆಯ ಜಾಗದಲ್ಲೇ ನಡೆಸಬೇಕು, ವೀಡಿಯೊ ತೆಗೆಯಬೇಕು ಎಂಬ ನಿಯಮವೂ ಬಂತು. ಒಳ್ಳೆಯದೇ. ಆದರೆ ನಾನು ಕೆಲಸ ಬಿಡುವ ದಿನದವರೆಗೂ ನಮೂನೆಯ ಆ ಕಾಲಂನಲ್ಲಿ ಎರಡೇ ಆಯ್ಕೆ ಇದ್ದವು. ನಿವೃತ್ತಿಯ ದಿನದ ಭಾಷಣದಲ್ಲಿ ಶೇಷಗಿರಿ ಸರ್ ನನ್ನನ್ನು ಸಂಸ್ಥೆಯ ಕಣ್ಣು ಎಂದು ಹೊಗಳಿದರು. ಶಾಲು ಹೊದಿಸಿದರು. ಹಿಂದಿನ ಸಾಲಿನಲ್ಲಿ ಸುಮಿತ್ರಾ ಕೂತಿದ್ದರು. ನಾನು ಆ ಕಡೆ ನೋಡಲಿಲ್ಲ.

ನಿವೃತ್ತಿಗೆ ಕೆಲವು ವರ್ಷ ಮೊದಲು ಒಮ್ಮೆ ಹುಂಡಿಗೆ ಹೋಗಬೇಕಾಗಿ ಬಂದಿತ್ತು. ಷರತ್ತುಗಳನ್ನು ಕಂಪನಿ ಪಾಲಿಸಿದೆಯೇ ಎಂದು ನೋಡಿ ವರದಿ ಕೊಡುವ ಕೆಲಸ. ಪಾಲಿಸಿತ್ತು, ಚಾಚೂ ತಪ್ಪದೆ. ನಾಲ್ಕು ಸವುಳು ಬಾವಿಗಳಿಗೂ ಸುತ್ತ ಕಬ್ಬಿಣದ ಜಾಲರಿ, ಸಿಮೆಂಟಿನ ಕಟ್ಟೆ, ಹಸಿರು ಫಲಕ: ಸಂರಕ್ಷಿತ ನೀರಿನ ಮೂಲ. ಫಲಕದ ಮೂಲೆಯಲ್ಲಿ ನಾನು ಕೊಟ್ಟ ಸಂಖ್ಯೆಗಳೇ ಇದ್ದವು, ಒಂದರಿಂದ ನಾಲ್ಕು. ಊರ ನಡುವೆ ಕಂಪನಿಯ ಟ್ಯಾಂಕರಿಗಾಗಿ ಪ್ಲಾಸ್ಟಿಕ್ ಕೊಡಗಳ ಸಾಲು. ಟ್ಯಾಂಕರು ಎರಡು ದಿನದಿಂದ ಬಂದಿರಲಿಲ್ಲ.

ಚಿಕ್ಕತಾಯಮ್ಮ ಅದೇ ಜಗಲಿಯ ಮೇಲೆ ಕೂತಿದ್ದಳು. ನನ್ನ ಗುರುತು ಹಿಡಿದಳು. ಏನೂ ಕೇಳದೆ ಒಳಗೆ ಹೋಗಿ ಲೋಟದಲ್ಲಿ ನೀರು ತಂದು ಕೊಟ್ಟಳು. ಕೊಟ್ಟು ಮುಖ ನೋಡುತ್ತಾ ನಿಂತಳು. ಸವುಳು ನೀರು. ಪೂರ್ತಿ ಕುಡಿದೆ. ಲೋಟ ಕೆಳಗಿಟ್ಟೆ.

"ಸೀನೀರು ಎಲ್ಲದೆ, ಅವ್ವ?" ಎಂದು ಕೇಳಿದೆ.

ಅವಳು ಗದ್ದ ಎತ್ತಿ ಗುಡ್ಡದ ಕಡೆ ತೋರಿಸಿದಳು. ಬಿಳಿಕಲ್ಲಿನ ಪುಡಿ, ಕೆಂಪು ಮಣ್ಣು, ಮೂರು ಮನೆ ಎತ್ತರದ ರಾಶಿ. ಒಂದು ಲಾರಿ ಹಿಂದಕ್ಕೆ ಬಂದು, ಹಿಂಬದಿಯನ್ನು ಎತ್ತಿ, ಇನ್ನೊಂದಿಷ್ಟನ್ನು ಅದರ ಮೇಲೆ ಸುರಿಯುತ್ತಿತ್ತು.